ಉದ್ದ ಇದಾನೆ ಅಂತ ರಿಂಗ್ ಕೆಳಗೆ ನಿಲ್ಲಿಸಬೇಡಿ

"ಸರ್, ನಮ್ಮ ಹುಡುಗ ಉದ್ದ ಇದಾನೆ. ಬಾಸ್ಕೆಟ್‌ಬಾಲ್‌ಗೆ ಹಾಕಬಹುದಾ?"

ತುಮಕೂರಿನಲ್ಲಿ ಸಂಜೆ ಹೊತ್ತು ಕೋರ್ಟ್ ಪಕ್ಕ ನಿಂತಿದ್ದರೆ ಈ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತದೆ. ನಾನು ಕೋಚ್ ಅಲ್ಲ. ಯೂನಿವರ್ಸಿಟಿ ಟೀಮಿನವರೆಗೆ ಆಡಿ ಅಲ್ಲಿಗೇ ನಿಂತವನು. ಈಗ ಅಣ್ಣನ ಮಗಳನ್ನು ಸ್ಕೂಟರ್‌ನಲ್ಲಿ ಪ್ರಾಕ್ಟೀಸ್‌ಗೆ ಬಿಟ್ಟು, ಮುಗಿಯುವವರೆಗೆ ಕಾದು, ಮನೆಗೆ ಕರೆತರುವ ಚಿಕ್ಕಪ್ಪ. ಟ್ರ್ಯಾಕ್ ಪ್ಯಾಂಟ್ ಹಾಕಿರುತ್ತೇನಲ್ಲ, ಕೋಚ್ ಅಂದುಕೊಂಡು ನನ್ನನ್ನೇ ಕೇಳುತ್ತಾರೆ.

ನನ್ನ ಉತ್ತರ ಒಂದೇ. ಹಾಕಿ. ಆದರೆ ಉದ್ದ ಇದಾನೆ ಅನ್ನೋ ಒಂದೇ ಕಾರಣಕ್ಕೆ ಅವನನ್ನು ರಿಂಗ್ ಕೆಳಗೆ ನಿಲ್ಲಿಸಿಬಿಡುವ ಕೋಚ್ ಕೈಗೆ ಕೊಡಬೇಡಿ.

ಯಾಕೆ ಅಂತ ಹೇಳುತ್ತೇನೆ. ಎಂಟನೇ ಕ್ಲಾಸಿಗೇ ನಾನು 5 ಅಡಿ 9 ಇಂಚು ಇದ್ದೆ. ನಮ್ಮ ಸರ್ ನನಗೆ ಕಲಿಸಿದ್ದು ಎರಡೇ. ಕೈ ಎತ್ತಿ ನಿಲ್ಲು, ಚೆಂಡು ಬಂದರೆ ಬೋರ್ಡಿಗೆ ಹೊಡೆದು ಹಾಕು. ಡ್ರಿಬಲ್ ಮಾಡಿದರೆ, ಅಂದರೆ ಚೆಂಡು ಪುಟಿಸಿಕೊಂಡು ಓಡಿದರೆ, ಬೈಗುಳ. "ಅದು ಕುಳ್ಳರ ಕೆಲಸ ಕಣೋ, ನಿನಗ್ಯಾಕೆ?" ತಾಲೂಕು ಗೆದ್ದೆವು. ಜಿಲ್ಲೆಯನ್ನೂ ಗೆದ್ದೆವು. ಆಮೇಲೆ ನಾನು ಬೆಳೆದದ್ದು ಒಂದೇ ಇಂಚು. ಹದಿನೇಳನೇ ವಯಸ್ಸಿನಲ್ಲಿ ಬೆಂಗಳೂರಿಗೆ ಸೆಲೆಕ್ಷನ್‌ಗೆ ಹೋದರೆ, ನನಗಿಂತ ನಾಲ್ಕು ಇಂಚು ಉದ್ದದ ಹುಡುಗರು ಎರಡೂ ಕೈಯಲ್ಲಿ ಡ್ರಿಬಲ್ ಮಾಡಿಕೊಂಡು ಓಡಾಡುತ್ತಿದ್ದರು. ರಿಂಗ್ ಹತ್ತಿರ ನಿಲ್ಲುವ ಸೆಂಟರ್ ಆಡಲು ನನಗೆ ಎತ್ತರ ಸಾಲದು, ಚೆಂಡು ತಂದು ಆಟ ನಡೆಸುವ ಗಾರ್ಡ್ ಆಡಲು ಕೈ ಬಾರದು. ಕಾಲು ಗಂಟೆಯಲ್ಲಿ ನಂಬರ್ ಕರೆದು ಕೂರಿಸಿದರು.

ಆ ಸರ್ ಕೆಟ್ಟವರಲ್ಲ. ಅವರಿಗೆ ಆ ವರ್ಷ ಗೆಲ್ಲಬೇಕಿತ್ತು, ಅಷ್ಟೇ. ಹದಿನಾಲ್ಕರಲ್ಲಿ ಗೆಲ್ಲುವ ಅವಸರಕ್ಕೆ ಇಪ್ಪತ್ತರಲ್ಲಿ ಹುಡುಗ ದಂಡ ಕಟ್ಟುತ್ತಾನೆ. ಆ ದಂಡ ಹೇಗೆ ತಪ್ಪಿಸಿಕೊಳ್ಳಬಹುದು ಅಂತ ನನಗೆ ಗೊತ್ತಿರುವಷ್ಟು ಬರೆಯುತ್ತೇನೆ.

ಮೊದಲು, ಪ್ರೊಫೆಷನಲ್ ಅಂದರೆ ಇಲ್ಲಿ ಏನು?

ಇದನ್ನು ಬೇಗ ಮುಗಿಸೋಣ. ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್‌ಗೆ ಐಪಿಎಲ್ ಥರದ ಗಟ್ಟಿ ಲೀಗ್ ಇಲ್ಲ. ಯುಬಿಎ ಅಂತ ಒಂದು ಲೀಗ್ 2015ರಲ್ಲಿ ಶುರುವಾಗಿ ಕೆಲವೇ ವರ್ಷದಲ್ಲಿ ನಿಂತಿತು. ಆಮೇಲೆ ಐಎನ್‌ಬಿಎಲ್ ಬಂತು, ಅದರಲ್ಲಿ ಬೆಂಗಳೂರು ಕಿಂಗ್ಸ್ ಅಂತ ಒಂದು ತಂಡವೂ ಆಡಿತು. ಆದರೆ ಹೊಟ್ಟೆಪಾಡಿನ ಮಾತು ಬಂದರೆ ರೈಲ್ವೆ, ಸೇನೆ, ಬ್ಯಾಂಕ್‌ಗಳ ತಂಡಗಳೇ ಗತಿ. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕ್ ತಂಡ ಇತ್ತು. 2019ರಲ್ಲಿ ಬ್ಯಾಂಕ್ ವಿಲೀನವಾದ ಮೇಲೆ ಅದು ಬ್ಯಾಂಕ್ ಆಫ್ ಬರೋಡಾ ಆಯಿತು. ಹಾಗಾಗಿ ಓದು ಬಿಡಿಸುತ್ತೇನೆ ಅನ್ನುವ ಕೋಚ್ ಸಿಕ್ಕರೆ ಮುಂದೆ ಮಾತಾಡುವುದೇ ಬೇಡ. ಸ್ಪೋರ್ಟ್ಸ್ ಕೋಟಾದ ಅರ್ಜಿಯಲ್ಲೂ ಮಾರ್ಕ್ಸ್ ಕಾರ್ಡ್ ಕೇಳುತ್ತಾರೆ.

ಸೇರಿಸುವ ಮೊದಲು ಒಂದು ಸಂಜೆ ಸುಮ್ನೆ ಕೂತು ನೋಡಿ

ಫೀಸ್ ಎಷ್ಟು, ಬ್ಯಾಚ್ ಯಾವಾಗ ಅಂತ ಕೇಳುವ ಮೊದಲು ಈ ಕೆಲಸ ಮಾಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ಕೋರ್ಟ್ ಪಕ್ಕ ಅರ್ಧ ಗಂಟೆ ಕೂರಿ. ಹಾಳೆಯಲ್ಲಿ ಮೂರು ಸಾಲು ಮಾಡಿ: ಹೇಳಿಕೊಟ್ಟದ್ದು, ಹೊಗಳಿದ್ದು, ಬೈದದ್ದು. ಕೋಚ್ ಬಾಯಿ ಬಿಟ್ಟಾಗಲೆಲ್ಲ ಒಂದು ಗೀಟು ಹಾಕಿ.

ಇದು ನನ್ನ ಸ್ವಂತ ತಲೆಯಿಂದ ಬಂದದ್ದಲ್ಲ. ಅಮೆರಿಕದ ಯುಸಿಎಲ್‌ಎ ಯೂನಿವರ್ಸಿಟಿಯಲ್ಲಿ ಜಾನ್ ವುಡನ್ ಅಂತ ಕೋಚ್ ಇದ್ದರು. 1964ರಿಂದ 1975ರವರೆಗಿನ 12 ವರ್ಷದಲ್ಲಿ 10 ಸಲ ಅವರ ತಂಡ ಕಾಲೇಜು ಚಾಂಪಿಯನ್ ಆಯಿತು. ಅವರ ಕೊನೆಯ ಸೀಸನ್‌ನಲ್ಲಿ ಇಬ್ಬರು ಸಂಶೋಧಕರು ಪ್ರಾಕ್ಟೀಸ್ ನೋಡುತ್ತಾ ಕೂತು ಅವರ ಮಾತುಗಳನ್ನೆಲ್ಲ ಎಣಿಸಿದರು. ಮುಕ್ಕಾಲು ಪಾಲು ಮಾತು ಬರೀ ಮಾಹಿತಿ. ಹೀಗೆ ಮಾಡು, ಹಾಗೆ ಬೇಡ, ಅಲ್ಲಿ ನಿಲ್ಲು, ಅಷ್ಟೇ. ಹೊಗಳಿದ್ದು ನೂರಕ್ಕೆ ಏಳರಷ್ಟು. ಬೈದದ್ದೂ ಹೆಚ್ಚು ಕಡಿಮೆ ಅಷ್ಟೇ. ಅಷ್ಟು ಕಪ್ ಗೆದ್ದ ಮನುಷ್ಯ ಕೂಗಾಡುತ್ತಿರಲಿಲ್ಲ, ಮೆಚ್ಚಿ ಬೆನ್ನು ತಟ್ಟುತ್ತಲೂ ಇರಲಿಲ್ಲ. ಹೇಳಿಕೊಡುತ್ತಿದ್ದರು.

ಗೀಟು ಹಾಕುವಾಗ ಒಂದು ಎಚ್ಚರ. "ಏ, ಸರಿಯಾಗಿ ಆಡೋ!" ಅಂದರೆ ಅದು ಹೇಳಿಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ, ಬೈಗುಳದ ಲೆಕ್ಕಕ್ಕೆ ಬರುತ್ತದೆ. "ಮೊಣಕೈ ಹೊರಗೆ ಹೋಗ್ತಿದೆ, ಒಳಗೆ ತಗೋ" ಅಂದರೆ ಅದು ಹೇಳಿಕೊಟ್ಟದ್ದು. ಕೇಳಿದ ಹುಡುಗನಿಗೆ ಮುಂದಿನ ಸಲ ಏನು ಬದಲಾಯಿಸಬೇಕು ಅಂತ ಗೊತ್ತಾಯಿತಾ? ಗೊತ್ತಾದರೆ ಮಾತ್ರ ಮೊದಲ ಸಾಲಿಗೆ ಬರೆಯಿರಿ.

ಗೀಟು ಹಾಕುತ್ತಲೇ ಇನ್ನೆರಡು ನೋಡಿ. ಮಕ್ಕಳು ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತಾರೆ? ಇಪ್ಪತ್ತು ಮಕ್ಕಳು, ಎರಡು ಚೆಂಡು, ಉದ್ದ ಸಾಲಿನಲ್ಲಿ ಲೇಅಪ್, ಅಂದರೆ ಓಡಿ ಬಂದು ರಿಂಗ್ ಹತ್ತಿರದಿಂದ ಹಾಕುವ ಶಾಟ್. ಗಂಟೆಗೆ ಒಂದು ಮಗುವಿನ ಕೈಗೆ ಚೆಂಡು ಬರುವುದು ಹತ್ತು ಹನ್ನೆರಡು ಸಲ. ಅಷ್ಟಕ್ಕೆ ಫೀಸ್ ಯಾಕೆ, ಅಲ್ವಾ? ಇನ್ನೊಂದು, ಕೋಚ್ ಯಾರ ಹತ್ತಿರ ಮಾತಾಡುತ್ತಾರೆ? ಮ್ಯಾಚ್ ಆಡುವ ಐದು ಮಕ್ಕಳ ಹೆಸರು ಮಾತ್ರ ಕೇಳಿಸಿದರೆ, ಆರನೆಯದು ನಿಮ್ಮ ಮಗು ಅಂದುಕೊಂಡು ಯೋಚಿಸಿ.

ಸರ್ಟಿಫಿಕೇಟ್ ಕೇಳುವುದರಲ್ಲಿ ತಪ್ಪಿಲ್ಲ. 1961ರಲ್ಲಿ ಶುರುವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಇದ್ದರೆ ಒಳ್ಳೆಯದು. ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ಕೋಚಿಂಗ್ ಕೋರ್ಸ್‌ಗಳೂ ಈಗ ನಮ್ಮ ದೇಶದಲ್ಲಿ ನಡೆಯುತ್ತವೆ. ಆದರೆ ಯಾವ ಸರ್ಟಿಫಿಕೇಟೂ ಇಲ್ಲದ ಹಳ್ಳಿ ಪಿಟಿ ಮೇಷ್ಟ್ರು ಕಾಲಿನ ಕೆಲಸ ಅದ್ಭುತವಾಗಿ ಹೇಳಿಕೊಟ್ಟದ್ದನ್ನು ನೋಡಿದ್ದೇನೆ. ನೋಟ್‌ಬುಕ್ಕಿನ ಗೀಟುಗಳನ್ನು ನಾನು ಜಾಸ್ತಿ ನಂಬುತ್ತೇನೆ.

ಹತ್ತರಿಂದ ಹದಿಮೂರು: ಕಾಲು, ಎರಡು ಕೈ, ಸಣ್ಣ ಚೆಂಡು

ಅದೇ ವುಡನ್ ಮೊದಲ ದಿನ ಕಲಿಸುತ್ತಿದ್ದದ್ದು ಏನು ಗೊತ್ತಾ? ಸಾಕ್ಸ್ ಹಾಕಿಕೊಳ್ಳುವುದು. ಮಡಿಕೆ ಬಾರದ ಹಾಗೆ ಎಳೆದು, ಶೂ ಲೇಸ್ ಬಿಗಿಯಾಗಿ ಕಟ್ಟುವುದು. ಮಡಿಕೆ ಇದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಪ್ರಾಕ್ಟೀಸ್ ತಪ್ಪುತ್ತದೆ. ನಮ್ಮ ಸಿಮೆಂಟ್ ಕೋರ್ಟಿಗೆ ಈ ಪಾಠ ಇನ್ನೂ ಜಾಸ್ತಿ ಬೇಕು.

ಈ ವಯಸ್ಸಿನಲ್ಲಿ ಕೋಚ್ ಕಲಿಸಬೇಕಾದ್ದು ತುಂಬಾ ಇಲ್ಲ. ಓಡುತ್ತಾ ಬಂದು ಎರಡೂ ಕಾಲಲ್ಲಿ ನಿಲ್ಲುವುದು. ಒಂದು ಕಾಲು ನೆಟ್ಟು ಇನ್ನೊಂದರಲ್ಲಿ ತಿರುಗುವುದು. ಚೆಂಡು ನೋಡದೆ ಡ್ರಿಬಲ್ ಮಾಡುವುದು. ಎಡಗೈಯಲ್ಲೂ ಬಲಗೈಯಷ್ಟೇ ಕೆಲಸ ಮಾಡುವುದು. ಇವಿಷ್ಟು ಬಂದರೆ ಸಾಕು. ಝೋನ್ ಡಿಫೆನ್ಸ್, ಪ್ಲೇ ನಂಬರ್ 3 ಅಂತ ಹನ್ನೊಂದು ವರ್ಷದ ಮಕ್ಕಳಿಗೆ ಬೋರ್ಡ್ ಮೇಲೆ ಗೆರೆ ಎಳೆಯುತ್ತಿದ್ದರೆ, ಆ ಕೋಚ್‌ಗೆ ಕಪ್ ಮೇಲೆ ಕಣ್ಣಿದೆ.

ಚೆಂಡಿನ ವಿಷಯ. ದೊಡ್ಡವರ 7ನೇ ಸೈಜಿನ ಚೆಂಡು 600 ಗ್ರಾಂ ಆಸುಪಾಸು ತೂಗುತ್ತದೆ. ಹೆಣ್ಣುಮಕ್ಕಳದು 6ನೇ ಸೈಜ್. ಸಣ್ಣ ಮಕ್ಕಳಿಗೆ 5. ರಿಂಗ್ ಎತ್ತರ 3.05 ಮೀಟರ್, ಅಂದರೆ 10 ಅಡಿ. ಆದರೆ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ 2.60 ಮೀಟರ್ ಮಾತ್ರ. ಹತ್ತು ವರ್ಷದ ಮಗು ದೊಡ್ಡ ಚೆಂಡನ್ನು ಹತ್ತು ಅಡಿಗೆ ಎಸೆಯಬೇಕು ಅಂದರೆ ಶಾಟ್‌ಪುಟ್ ಥರ ಭುಜದಿಂದ ನೂಕುತ್ತದೆ. ಅದೇ ಕೈಗೆ ಅಂಟಿಕೊಳ್ಳುತ್ತದೆ. ಐದು ವರ್ಷದ ಮೇಲೆ ಆ ಅಂಟು ಬಿಡಿಸುವುದು ಯಾರಿಗೆ ಬೇಕು?

ನಮ್ಮ ಸ್ಕೂಲುಗಳಲ್ಲಿ ರಿಂಗನ್ನು ಕಂಬಕ್ಕೆ ವೆಲ್ಡ್ ಮಾಡಿರುತ್ತಾರೆ, ಇಳಿಸಲು ಆಗಲ್ಲ. ಮನೆ ಗೋಡೆಗೆ ಎಂಟೂವರೆ ಅಡಿ ಎತ್ತರದಲ್ಲಿ ಸುಣ್ಣದಲ್ಲಿ ಒಂದು ವೃತ್ತ ಬರೆಯಿರಿ. ದಿನಾ ಐವತ್ತು ಸಲ ಅದಕ್ಕೆ ಎಸೆಯಲಿ. ಅಜ್ಜಿ ಬೈತಾರೆ, ಬೈಯಲಿ.

ಇನ್ನೊಂದು ಮಾತು. ಈ ವಯಸ್ಸಿನಲ್ಲಿ ಬೇರೆ ಆಟ ಬಿಡಿಸಬೇಡಿ. ಅಮೆರಿಕದ ಪ್ರೊಫೆಷನಲ್ ಲೀಗ್ ಎನ್‌ಬಿಎ ಮತ್ತು ಅಲ್ಲಿನ ಬಾಸ್ಕೆಟ್‌ಬಾಲ್ ಸಂಸ್ಥೆ ಸೇರಿ ಮಕ್ಕಳಿಗಾಗಿ ಮಾಡಿರುವ ಸೂಚನೆಯಲ್ಲೇ, 14 ಆಗುವವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಅಂತ ಇದೆ. ಖೋಖೋ ಆಡಿದ ಹುಡುಗಿಯ ಕಾಲು ಡಿಫೆನ್ಸ್‌ನಲ್ಲಿ ಹೇಗೆ ಓಡುತ್ತದೆ ಅಂತ ನೋಡಿ ಬೇಕಾದರೆ.

ಹದಿಮೂರರಿಂದ ಹದಿನಾರು: ದಂಡ ಬೀಳುವ ವಯಸ್ಸು

ನನ್ನ ಕಥೆ ಆದದ್ದು ಈ ವಯಸ್ಸಿನಲ್ಲೇ. ಎತ್ತರ ಸರ್ರನೆ ಏರುತ್ತದೆ. ಸ್ಕೂಲ್ ಟೂರ್ನಮೆಂಟ್‌ಗಳು ಒಂದರ ಹಿಂದೆ ಒಂದು: ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ. ನಮ್ಮಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ ಶೈಕ್ಷಣಿಕ ಜಿಲ್ಲೆ. ಹಾಗಾಗಿ ಜಿಲ್ಲಾ ಚಾಂಪಿಯನ್ ಅಂದರೆ ಅರ್ಧ ಜಿಲ್ಲೆಯ ಚಾಂಪಿಯನ್ ಅಂತ ಲೆಕ್ಕ. ಅದೊಂದು ಕಪ್ಪಿಗೆ ಎಷ್ಟು ಮಕ್ಕಳ ಆಟ ಅರೆಬೆಂದು ಉಳಿಯಿತೋ.

ಜರ್ಮನಿಯಲ್ಲಿ ವ್ಯೂರ್ಟ್ಸ್‌ಬುರ್ಗ್ ಅಂತ ಊರಿದೆ. ಜನಸಂಖ್ಯೆಯಲ್ಲಿ ತುಮಕೂರಿಗಿಂತ ಚಿಕ್ಕದು. ಅಲ್ಲಿ ಡರ್ಕ್ ನೊವಿಟ್ಸ್‌ಕಿ ಅನ್ನುವ ಉದ್ದನೆಯ, ಸಣಕಲು ಹುಡುಗ ಇದ್ದ. ಮೊದಲು ಟೆನಿಸ್ ಆಡುತ್ತಿದ್ದವನು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆಡಿದ್ದ ಹೋಲ್ಗರ್ ಗೆಶ್ವಿಂಡ್ನರ್ ಅವನನ್ನು ಹದಿಹರೆಯದಲ್ಲಿ ಕಂಡರು. ಗಣಿತ, ಭೌತಶಾಸ್ತ್ರ ಓದಿದವರು ಅವರು. ಏಳಡಿಯಾಗುವ ಹುಡುಗನನ್ನು ರಿಂಗ್ ಕೆಳಗೆ ನಿಲ್ಲಿಸಲಿಲ್ಲ. ದೂರದಿಂದ ಶೂಟ್ ಮಾಡುವುದನ್ನು ಕಲಿಸಿದರು. ಚೆಂಡು ಯಾವ ಕೋನದಲ್ಲಿ ಹೋದರೆ ಬೀಳುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕಿ ಅವನ ಶಾಟ್ ಕಟ್ಟಿದರು. ಸ್ಕೂಲ್ ಮುಗಿಸಲೇಬೇಕು ಅಂದರು. 1998ರಲ್ಲಿ ಅವನು ಎನ್‌ಬಿಎ ಸೇರಿದ. ಡಲ್ಲಾಸ್ ತಂಡದಲ್ಲಿ 2007ರಲ್ಲಿ ಅತ್ಯುತ್ತಮ ಆಟಗಾರ, 2011ರಲ್ಲಿ ಚಾಂಪಿಯನ್.

ಅದೇ ಡಲ್ಲಾಸ್ ತಂಡ 2015ರಲ್ಲಿ ನಮ್ಮ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ಅವರನ್ನು 52ನೆಯವರಾಗಿ ಆರಿಸಿತು. ಏಳಡಿ ದಾಟಿದ ಎತ್ತರ. ಲೂಧಿಯಾನದ ಅಕಾಡೆಮಿ, 14ನೇ ವಯಸ್ಸಿಗೆ ಅಮೆರಿಕದ ಫ್ಲೋರಿಡಾ. ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, ಆಯ್ಕೆಯಾದ ಮೊದಲ ಭಾರತೀಯ. ಆದರೆ ಎನ್‌ಬಿಎ ಪಂದ್ಯವೊಂದರಲ್ಲೂ ಅವರು ಅಂಗಳಕ್ಕೆ ಇಳಿಯಲಿಲ್ಲ. ಅವರ ಶ್ರಮದಲ್ಲಿ ಕೊರತೆ ಇತ್ತು ಅಂತ ನಾನು ಹೇಳುವುದಿಲ್ಲ. ಆ ಹೊತ್ತಿಗೆ ಆಟವೇ ರಿಂಗ್ ಕೆಳಗಿನಿಂದ ದೂರದಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ತ್ರೀ ಪಾಯಿಂಟ್ ಗೆರೆಯ ಕಡೆಗೆ ಹೊರಟುಹೋಗಿತ್ತು. ಒಂದೇ ತಂಡ, ಇಬ್ಬರು ಏಳಡಿಯವರು. ನಾನು ಇವರಿಬ್ಬರನ್ನು ಆಗಾಗ ಪಕ್ಕಪಕ್ಕ ಇಟ್ಟು ನೋಡುತ್ತಿರುತ್ತೇನೆ.

ಗ್ರೀಸ್‌ನ ಯಾನಿಸ್ ಆಂಟೆಟೊಕೊಂಪೊ ಅವರದು ಇನ್ನೊಂದು. ಅಷ್ಟು ಉದ್ದದ ಆಟಗಾರನ ಕೈಗೆ ಕೋಚ್ ಜೇಸನ್ ಕಿಡ್ 2016ರಲ್ಲಿ ಚೆಂಡು ಕೊಟ್ಟು, ಆಟ ನಡೆಸುವ ಪಾಯಿಂಟ್ ಗಾರ್ಡ್ ಕೆಲಸ ನೀನೇ ಮಾಡು ಅಂದರು. 2019 ಮತ್ತು 2020ರಲ್ಲಿ ಅವರೇ ಲೀಗಿನ ಅತ್ಯುತ್ತಮ ಆಟಗಾರ.

ಸರಿ, ನಮ್ಮೂರಿನ ಕೋಚ್ ಹತ್ತಿರ ಹೋಗಿ "ಡರ್ಕ್ ಥರ ಆಡಿಸಿ" ಅಂದರೆ ನಗುತ್ತಾರೆ. ಅವರಿಗೂ ಮ್ಯಾನೇಜ್‌ಮೆಂಟ್ ಇದೆ, ಅವರೂ ಕಪ್ ತೋರಿಸಬೇಕು. ಅದಕ್ಕೆ ಕೇಳುವ ರೀತಿ ಬೇರೆ ಇರಬೇಕು. ನಮ್ಮಣ್ಣ ಕೇಳಿದ್ದು ಹೀಗೆ:

"ಸರ್, ಮ್ಯಾಚಲ್ಲಿ ನೀವು ಎಲ್ಲಿ ನಿಲ್ಲಿಸಿದರೂ ನಮ್ಮದೇನೂ ಇಲ್ಲ. ಪ್ರಾಕ್ಟೀಸಲ್ಲಿ ಮಾತ್ರ ದಿನಾ ಅರ್ಧ ಗಂಟೆ ಗಾರ್ಡ್‌ಗಳ ಜೊತೆ ಬಿಡ್ತೀರಾ?"

ಸರ್ ಒಪ್ಪಿದರು. ಮೊದಲ ತಿಂಗಳು ಹುಡುಗಿ ದಿನಾ ಚೆಂಡು ಕಳೆದುಕೊಂಡು ಅಳುಮೋರೆ ಹಾಕಿಕೊಂಡು ಬರುತ್ತಿದ್ದಳು. ಕುಳ್ಳ ಹುಡುಗರು ಕಾಲಡಿ ನುಗ್ಗಿ ಕಿತ್ತುಕೊಳ್ಳುತ್ತಿದ್ದರು. ನಾಲ್ಕನೇ ತಿಂಗಳಿಗೆ ಒಬ್ಬಳೇ ಚೆಂಡು ದಾಟಿಸತೊಡಗಿದಳು. ಆಮೇಲೆ ಸರ್ ತಾವಾಗಿಯೇ ಮ್ಯಾಚಲ್ಲೂ ಬಿಟ್ಟರು.

ಕುಳ್ಳ ಮಕ್ಕಳಿಗೂ ಇದರದೇ ತಿರುಗುಮುರುಗು ಬೇಕು. "ನೀನು ಪಾಸ್ ಮಾಡು, ಸಾಕು" ಅಂತ ಬೆಳೆಸಿದ ಹುಡುಗನಿಗೆ ಉದ್ದನೆಯವನ ಕೈ ಮೇಲಿಂದ ಚೆಂಡು ಹಾಕಲು ಬರುವುದೇ ಇಲ್ಲ.

ಇಲ್ಲೇ ಒಂದು ಅಡ್ಡಮಾತು. ಫಿಬಾ ನಿಯಮದಲ್ಲಿ ಒಂದು ತಂಡ 24 ಸೆಕೆಂಡ್ ಒಳಗೆ ಶೂಟ್ ಮಾಡಲೇಬೇಕು. ಎದುರಾಳಿ ರಿಂಗಿಗೆ ತಾಗಿದ ಚೆಂಡು ಮತ್ತೆ ನಿಮಗೇ ಸಿಕ್ಕರೆ 14 ಸೆಕೆಂಡ್. ತಾಲೂಕು ಮ್ಯಾಚ್‌ಗಳಲ್ಲಿ ಆ ಗಡಿಯಾರ ಕಾಣುವುದು ಅಪರೂಪ. ಅಲ್ಲಿ ಆರಾಮಾಗಿ ಆಡಿ ಬೆಳೆದ ಮಕ್ಕಳು ಕಂಠೀರವ ಸ್ಟೇಡಿಯಂನಲ್ಲಿ ಮೊದಲ ಸಲ ಬಝರ್ ಕೇಳಿ ಬೆಚ್ಚುತ್ತಾರೆ. ನಾನೂ ಬೆಚ್ಚಿದ್ದೆ. ಪ್ರಾಕ್ಟೀಸಲ್ಲಿ ಯಾರಾದರೂ ಒಬ್ಬರು ಮೊಬೈಲ್ ಹಿಡಿದು ಜೋರಾಗಿ ಸೆಕೆಂಡ್ ಎಣಿಸಿದರೆ ಸಾಕು. ಹೊರಗೆ ಕೂತ ಮಕ್ಕಳಿಗೇ ಆ ಕೆಲಸ ಕೊಡಿ ಅಂತ ಕೋಚ್‌ಗೆ ಹೇಳಿ ನೋಡಿ.

ಶಾಟ್ ಬದಲಾಯಿಸುವಾಗ

ಒಳ್ಳೆಯ ಕೋಚ್ ಒಂದಲ್ಲ ಒಂದು ದಿನ ಹೇಳುತ್ತಾರೆ: "ಇವನ ಶಾಟ್ ಒಡೆದು ಮತ್ತೆ ಕಟ್ಟಬೇಕು." ಮನೆಯವರು ಹೆದರುತ್ತಾರೆ. ಬೀಳುತ್ತಿರುವ ಚೆಂಡನ್ನು ಯಾಕೆ ಕೆಡಿಸಬೇಕು ಅಂತ.

ದೂರದ ಶಾಟ್‌ಗೆ ಹೆಸರಾದ ಎನ್‌ಬಿಎ ಆಟಗಾರ ಸ್ಟೆಫೆನ್ ಕರಿ ಹೈಸ್ಕೂಲಿನಲ್ಲಿದ್ದಾಗ ಚೆಂಡನ್ನು ಸೊಂಟದ ಹತ್ತಿರದಿಂದ ಎಸೆಯುತ್ತಿದ್ದರು, ತೋಳಲ್ಲಿ ಅಷ್ಟು ಬಲ ಇರಲಿಲ್ಲ. ಅಪ್ಪ ಡೆಲ್ ಕರಿ ಸ್ವತಃ ಎನ್‌ಬಿಎ ಆಟಗಾರ. ಒಂದು ಬೇಸಿಗೆ ರಜೆಯಿಡೀ ಮಗನ ಶಾಟ್ ತಲೆಯ ಮೇಲಕ್ಕೆ ತಂದರು. ಆ ರಜೆಯಲ್ಲಿ ಸ್ವಲ್ಪ ದೂರ ಹೋದರೂ ಹುಡುಗನ ಕೈಯಿಂದ ಚೆಂಡು ರಿಂಗ್ ಮುಟ್ಟುತ್ತಿರಲಿಲ್ಲ. ಆಮೇಲಿನ ಕಥೆ ಎಲ್ಲರಿಗೂ ಗೊತ್ತು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತೀರಾ? ಬಗ್ಗುತ್ತದೆ, ಬಗ್ಗಿಸುವವರು ಗೊತ್ತಿದ್ದವರಾಗಿದ್ದರೆ. ಇನ್ನೊಬ್ಬ ಎನ್‌ಬಿಎ ಆಟಗಾರ ಕವಾಯ್ ಲೆನಾರ್ಡ್ ಕಾಲೇಜಿನಲ್ಲಿ ತ್ರೀ ಪಾಯಿಂಟ್ ಹೊಡೆದರೆ ನಾಲ್ಕಕ್ಕೆ ಒಂದು ಬೀಳುತ್ತಿತ್ತು. 2011ರಲ್ಲಿ ಸ್ಯಾನ್ ಆಂಟೋನಿಯೊ ತಂಡಕ್ಕೆ ಬಂದಾಗ ಶೂಟಿಂಗ್ ಕೋಚ್ ಚಿಪ್ ಎಂಗೆಲಂಡ್ ಅವರು ಚೆಂಡು ಬಿಡುವ ಜಾಗ ತಿದ್ದಿದರು. ಮೊದಲ ಸೀಸನ್‌ನಲ್ಲೇ ಮೂರಕ್ಕೆ ಒಂದಕ್ಕಿಂತ ಜಾಸ್ತಿ ಬೀಳತೊಡಗಿತು. 2014ರ ಫೈನಲ್ಸ್‌ನಲ್ಲಿ ಅವರೇ ಅತ್ಯುತ್ತಮ ಆಟಗಾರ.

ನೀವು ಮಾಡಬೇಕಾದ್ದು ಇಷ್ಟು. ಶಾಟ್ ಬದಲಾವಣೆ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಆಗಲಿ. ಸ್ಕೂಲ್ ಟೂರ್ನಮೆಂಟ್ ಶುರುವಾಗುವ ಹೊತ್ತಿಗೆ ಬೇಡ. ಆ ಎರಡು ತಿಂಗಳು ಎಷ್ಟು ಬಿತ್ತು ಅಂತ ಮಗುವನ್ನು ಕೇಳಬೇಡಿ. ವಾರಕ್ಕೊಮ್ಮೆ ಪಕ್ಕದಿಂದ, ಎದುರಿನಿಂದ ಮೊಬೈಲಲ್ಲಿ ವಿಡಿಯೊ ಹಿಡಿದು ಕೋಚ್‌ಗೆ ತೋರಿಸಿ. ಎರಡು ಕಡೆ ಪ್ರಾಕ್ಟೀಸ್‌ಗೆ ಹೋಗುವ ಮಗು ಆದರೆ, ಶಾಟ್ ತಿದ್ದುವವರು ಒಬ್ಬರೇ ಇರಲಿ. ಒಬ್ಬರು ಮೊಣಕೈ ಅಂದು ಇನ್ನೊಬ್ಬರು ಮಣಿಕಟ್ಟು ಅಂದರೆ ಮಗು ಎರಡನ್ನೂ ಕಳೆದುಕೊಳ್ಳುತ್ತದೆ.

ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋ ಅಭ್ಯಾಸ ಮಾತ್ರ ಯಾವ ಕಾಲದಲ್ಲೂ ನಿಲ್ಲಬಾರದು. ಬೋರ್ಡಿನಿಂದ 4.6 ಮೀಟರ್, ಎದುರಿಗೆ ಯಾರೂ ಇಲ್ಲ. ಪ್ರಾಕ್ಟೀಸ್ ಕೊನೆಗೆ ಉಸಿರು ಏರಿರುವಾಗ ಹತ್ತು ಹೊಡೆದು ನೋಟ್‌ಬುಕ್ಕಲ್ಲಿ ಬರೆಯಲಿ.

ಮಂಡಿ ಇದ್ದರೆ ಆಟ

ನಮ್ಮ ಕೋಚ್‌ಗಳು ಹಾರುವುದನ್ನು ಕಲಿಸುತ್ತಾರೆ, ಇಳಿಯುವುದನ್ನು ಕಲಿಸುವುದು ಕಡಿಮೆ. ಮಂಡಿಯ ಒಳಗಿನ ಎಸಿಎಲ್ ಅನ್ನುವ ಹುರಿ ಹರಿಯುವುದು ಎಷ್ಟೋ ಸಲ ಯಾರೂ ತಾಗದೆಯೇ. ಹಾರಿ ಇಳಿಯುವಾಗ ಮಂಡಿ ಒಳಕ್ಕೆ ವಾಲಿದರೆ ಸಾಕು. ಹೆಣ್ಣುಮಕ್ಕಳಲ್ಲಿ ಇದು ಗಂಡುಮಕ್ಕಳಿಗಿಂತ ತುಂಬಾ ಜಾಸ್ತಿ.

ಮನೆಯಲ್ಲೇ ಪರೀಕ್ಷೆ ಮಾಡಿ. ಒಂದಡಿ ಎತ್ತರದ ಮೆಟ್ಟಿಲಿನಿಂದ ಎರಡೂ ಕಾಲಲ್ಲಿ ಇಳಿದು ತಕ್ಷಣ ಮೇಲೆ ಹಾರಲಿ. ಎದುರಿನಿಂದ ನಿಧಾನಗತಿಯ ವಿಡಿಯೊ ಹಿಡಿಯಿರಿ. ಮಂಡಿಗಳು ಒಂದಕ್ಕೊಂದು ಹತ್ತಿರ ಬಂದರೆ ಕೋಚ್‌ಗೆ ತೋರಿಸಿ. ವಾರ್ಮಪ್‌ನಲ್ಲಿ ಕಾಲು ಗಂಟೆ ಇಳಿಯುವ ಅಭ್ಯಾಸ, ಒಂದು ಕಾಲಲ್ಲಿ ನಿಲ್ಲುವುದು, ತೊಡೆಯ ಹಿಂಭಾಗ ಗಟ್ಟಿ ಮಾಡುವುದು, ಇವು ಇರಬೇಕು. ಬರೀ ಎರಡು ಸುತ್ತು ಓಡಿಸಿ ಚೆಂಡು ಕೊಡುವುದು ವಾರ್ಮಪ್ ಅಲ್ಲ.

ಹದಿಮೂರು, ಹದಿನಾಲ್ಕರಲ್ಲಿ ಮಂಡಿಚಿಪ್ಪಿನ ಕೆಳಗೆ ಉಬ್ಬಿಕೊಂಡು, ಮುಟ್ಟಿದರೆ ನೋವು ಅಂದರೆ ಬೆಳೆಯುವ ಮೂಳೆ ಮೇಲೆ ಎಳೆತ ಜಾಸ್ತಿಯಾಗಿರಬಹುದು. ಮೂಳೆ ಡಾಕ್ಟರಿಗೆ ತೋರಿಸಿ, ಹಾರುವುದು ಕಡಿಮೆ ಮಾಡಿಸಿ. "ನೋವು ತಡ್ಕೊಂಡವನೇ ಆಟಗಾರ" ಅನ್ನುವ ಕೋಚ್ ಮಾತನ್ನು ಇಲ್ಲಿ ಕೇಳಬೇಡಿ. ಮೇಲೆ ಹೇಳಿದ ಅದೇ ಎನ್‌ಬಿಎ ಸೂಚನೆಯಲ್ಲಿ 12ರಿಂದ 14ರ ಮಕ್ಕಳಿಗೆ ವಾರಕ್ಕೆ 10 ಗಂಟೆ ಆಟದ ಮಿತಿ, ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಅಂತ ಇದೆ. ಸ್ಕೂಲ್ ಟೀಮ್, ಕ್ಲಬ್, ಭಾನುವಾರದ ಸ್ಪೆಷಲ್ ಕ್ಲಾಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಊಟಕ್ಕೆ ಡಬ್ಬದ ಪೌಡರ್ ಬೇಡ. ಮುದ್ದೆ, ಹುರುಳಿಕಾಳು ಸಾರು, ಮೊಟ್ಟೆ, ಹಾಲು, ಒಂದು ಹಿಡಿ ಕಡಲೆಬೀಜ. ಪಾವಗಡದವರಿಗೆ ಇದನ್ನು ಹೇಳಬೇಕಾ?

ಕೈ ಬದಲಾಯಿಸುವ ಹೊತ್ತು

ಒಬ್ಬರೇ ಕೋಚ್ ಕೊನೆಯವರೆಗೂ ಕರೆದುಕೊಂಡು ಹೋಗುವುದು ನಮ್ಮ ಕಡೆ ಅಪರೂಪ. ಹದಿನಾರರ ಹೊತ್ತಿಗೆ ಜಿಲ್ಲೆಯಲ್ಲಿ ಎದುರಾಳಿಗಳೇ ಸಾಲುವುದಿಲ್ಲ. ಗುರುತು ಸುಲಭ: ಮಗು ಪ್ರತಿ ಮ್ಯಾಚಲ್ಲೂ ಸುಲಭವಾಗಿ ಆಡುತ್ತಿದೆ, ಆರು ತಿಂಗಳಿಂದ ಹೊಸದೇನೂ ಕಲಿತಿಲ್ಲ.

ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್. ದಿನಾ ರೈಲಲ್ಲಿ ಹೋಗಿ ಬರುತ್ತೇವೆ ಅಂತ ಎಷ್ಟೋ ಜನ ಶುರು ಮಾಡುತ್ತಾರೆ. ಮೂರು ತಿಂಗಳಿಗೆ ಮಗುವಿನ ಕಣ್ಣ ಕೆಳಗೆ ಕಪ್ಪು. ನನ್ನ ಸಲಹೆ: ವಾರದಲ್ಲಿ ಐದು ದಿನ ಇಲ್ಲೇ, ಶನಿವಾರ ಭಾನುವಾರ ಮಾತ್ರ ಅಲ್ಲಿ. ಅದೂ ಸಾಲದು ಅನ್ನಿಸಿದರೆ ಹಾಸ್ಟೆಲ್. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಸೆಲೆಕ್ಷನ್ ನಡೆಯುತ್ತದೆ. ಬೆಂಗಳೂರಿನ ವಿದ್ಯಾನಗರ, ಮೈಸೂರು ಎರಡರಲ್ಲೂ ಬಾಸ್ಕೆಟ್‌ಬಾಲ್ ಇದೆ. ಜಿಲ್ಲಾ ಸ್ಟೇಡಿಯಂನ ಕಚೇರಿಯಲ್ಲಿ ದಿನಾಂಕ ಕೇಳಿಟ್ಟುಕೊಳ್ಳಿ.

ಕಷ್ಟವಾದ ಭಾಗ ಇರುವುದು ಹಳೆಯ ಕೋಚ್‌ಗೆ ಹೇಳುವುದರಲ್ಲಿ. ಹೇಳದೆ ಹೋಗಬೇಡಿ, ದಯವಿಟ್ಟು. ತುಮಕೂರು ಚಿಕ್ಕ ಊರು, ಬಟವಾಡಿಯಲ್ಲಿ ಹೇಳಿದ್ದು ಕ್ಯಾತ್ಸಂದ್ರ ಮುಟ್ಟುವಷ್ಟರಲ್ಲಿ ಎರಡು ಪಟ್ಟು ಆಗಿರುತ್ತದೆ. ಅಣ್ಣ ಸಿಹಿ ಡಬ್ಬ ಹಿಡಿದು ಸರ್ ಮನೆಗೇ ಹೋದರು.

"ಸರ್, ಮಗು ಬೆಂಗಳೂರಲ್ಲಿ ಆಡಲಿ ಅಂತ ಯೋಚನೆ ಇದೆ. ನೀವೇನಂತೀರಿ?"

ಸರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಯಾವ ಕ್ಲಬ್ಬು ಅಂತ ನನ್ನನ್ನೇ ಕೇಳಿ. ಬೇರೆಯವರನ್ನು ಕೇಳಬೇಡಿ" ಅಂದರು. ಅವರೇ ಫೋನ್ ಮಾಡಿದರು. ಈಗಲೂ ಬುಧವಾರ ಅವರ ಕೋರ್ಟಲ್ಲೇ ಅವಳು ಫ್ರೀ ಥ್ರೋ ಹೊಡೆಯುತ್ತಾಳೆ. ಎಲ್ಲ ಕೋಚ್‌ಗಳೂ ಹೀಗಿರುವುದಿಲ್ಲ. "ನಾನು ಬೆಳೆಸಿದ ಮಗು" ಅಂತ ಬೇರೆ ಕಡೆ ಆಡಲು ಬೇಕಾದ ಒಪ್ಪಿಗೆ ಪತ್ರ (ಎನ್‌ಒಸಿ) ತಡೆಹಿಡಿಯುವವರೂ ಇದ್ದಾರೆ. ಅದಕ್ಕೇ ಸೀಸನ್ ಮಧ್ಯದಲ್ಲಿ ಕೇಳಬೇಡಿ, ಮುಗಿದ ಮೇಲೆ ಕೇಳಿ.

ಹೊಸ ಜಾಗದಲ್ಲಿ ಮಗು ಮೊದಲ ವರ್ಷ ಬೆಂಚ್ ಮೇಲೆ ಕೂರುತ್ತದೆ. ಅದು ಸಹಜ. ಹದಿನೆಂಟು ದಾಟಿದ ಮೇಲೆ ಕೋಚಿಂಗ್ ಬೇರೆಯೇ ಆಗುತ್ತದೆ. ಹೊಸ ಕೌಶಲ ಕಡಿಮೆ, ತಂಡದಲ್ಲಿ ನಿನ್ನ ಕೆಲಸ ಯಾವುದು ಅನ್ನುವುದು ಜಾಸ್ತಿ. ಜಿಮ್, ವಿಡಿಯೊ, ಎದುರಾಳಿಯ ಅಭ್ಯಾಸ ಓದುವುದು. ಮನೆಯಲ್ಲಿ ಇದಕ್ಕೆ ತಯಾರಿ ಮಾಡಬಹುದು. ಮ್ಯಾಚ್ ವಿಡಿಯೊ ಸೌಂಡ್ ತೆಗೆದು ಹಾಕಿ. ಪಾಸ್ ಬಿಡುವ ಮೊದಲು ನಿಲ್ಲಿಸಿ, "ಈಗ ನೀನಾಗಿದ್ರೆ?" ಅಂತ ಕೇಳಿ. ಉತ್ತರ ತಪ್ಪಾದರೂ ತಿದ್ದಬೇಡಿ, ಮುಂದೆ ಓಡಿಸಿ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ವಿಷಯ. 2017ರ ಜುಲೈನಲ್ಲಿ ಕಂಠೀರವ ಒಳಾಂಗಣದಲ್ಲಿ ನಮ್ಮ ಮಹಿಳಾ ತಂಡ ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ ಬಿ ಡಿವಿಷನ್ ಗೆದ್ದಿತು. ತುಮಕೂರಿನಿಂದ ಎರಡು ಗಂಟೆ ದಾರಿಯಲ್ಲಿ ನಡೆದದ್ದು ಅದು.

ಗೆರೆ ದಾಟಿದರೆ ಮಾತೇ ಬೇಡ

ಕೆಲವು ವಿಷಯದಲ್ಲಿ ಯೋಚನೆ ಮಾಡುವುದೇ ಬೇಡ. ಕೈ ಎತ್ತುವ ಕೋಚ್ ಬೇಡ. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಹೊರಗೆ ಮ್ಯಾಚ್‌ಗೆ ಹೋಗುವಾಗ ಹೆಣ್ಣುಮಕ್ಕಳ ಜೊತೆ ಮಹಿಳಾ ಮ್ಯಾನೇಜರ್ ಇರಲೇಬೇಕು, ಯಾವ ರೂಮು ಅಂತ ಕೇಳಿ ತಿಳಿದುಕೊಳ್ಳಿ. ರಾತ್ರಿ ಒಬ್ಬೊಬ್ಬರಿಗೇ ಮೆಸೇಜ್ ಮಾಡುವ ಕೋಚ್, ಮುಚ್ಚಿದ ಬಾಗಿಲ ಹಿಂದೆ ಮಸಾಜ್ ಅನ್ನುವ ಕೋಚ್, ಇವರಿಂದ ಆ ದಿನವೇ ಬಿಡಿಸಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರಿಂದ ಇದೆ, ಮಕ್ಕಳ ಸಹಾಯವಾಣಿ 1098. ಕಪ್ ಹೋಗುತ್ತೆ, ಸೆಲೆಕ್ಷನ್ ತಪ್ಪುತ್ತೆ ಅಂತ ಸುಮ್ಮನಿರಬೇಡಿ.

"ವಯಸ್ಸು ಎರಡು ವರ್ಷ ಕಡಿಮೆ ಮಾಡಿಸೋಣ" ಅನ್ನುವವರೂ ಸಿಗುತ್ತಾರೆ. ಸ್ಕೂಲ್ ಆಟಗಳಲ್ಲಿ 14, 17, 19ರ ಮಿತಿ ಇರುವುದರಿಂದ ಆಸೆ ಹುಟ್ಟುತ್ತದೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಬಣ್ಣ ಬಯಲು. ಅದೂ ಅಲ್ಲದೆ, ಚಿಕ್ಕವರ ಮೇಲೆ ಗೆದ್ದು ಅವನು ಕಲಿಯುವುದಾದರೂ ಏನು?

ಕೊನೆಗೆ, ನೀವು ಎಲ್ಲಿ ಕೂರಬೇಕು

ಕಳೆದ ವರ್ಷ ಒಂದು ಮ್ಯಾಚ್. ಎರಡು ಪಾಯಿಂಟ್ ಹಿಂದೆ ಇದ್ದೆವು. ಅಣ್ಣನ ಮಗಳ ಕೈಗೆ ಚೆಂಡು ಬಂತು. ಬೆಂಚಿನಿಂದ ಸರ್ "ಪಾಸ್!" ಅಂದರು. ನಾನು ಗೆರೆ ಪಕ್ಕ ನಿಂತು "ಶೂಟ್ ಮಾಡೇ!" ಅಂತ ಕಿರುಚಿದೆ. ಅವಳು ಅರ್ಧ ಕ್ಷಣ ನನ್ನ ಕಡೆ ತಿರುಗಿ ನೋಡಿದಳು. ಅಷ್ಟರಲ್ಲಿ ಎದುರಿನ ಹುಡುಗಿ ಚೆಂಡು ಕಿತ್ತುಕೊಂಡು ಓಡಿದ್ದಳು.

ಮನೆಗೆ ಬರುವಾಗ ಸ್ಕೂಟರ್ ಹಿಂದಿನಿಂದ ಒಂದೇ ಮಾತು ಅಂದಳು. "ಚಿಕ್ಕಪ್ಪ, ಇನ್ಮೇಲೆ ನೀವು ಟೀ ಅಂಗಡಿ ಕಡೆ ಕೂತ್ಕೊಳ್ಳಿ."

ಅಲ್ಲಿಂದ ಕೋರ್ಟ್ ಅರ್ಧ ಮಾತ್ರ ಕಾಣುತ್ತದೆ. ಟೀ ಚೆನ್ನಾಗಿರುತ್ತದೆ.